ಕಾಸರಗೋಡಿನ ಜೀಪು ಮಲೆನಾಡಿನ ಒಕ್ಕಲಾದದ್ದು

“ಗಾಡಿ ಕೇರಳದ್ದಾ ಸಾರ್?”

“ಹೌದು.”

“ಇಲ್ಲಿಗೆ ಬಂದು ಎಷ್ಟು ಸಮಯ ಆಯ್ತು?”

ಸುಳ್ಳು ಕೂಡಲೇ ಬಾಯಿಗೆ ಬರಲಿಲ್ಲ. “ಎರಡು ವರ್ಷ” ಎಂದುಬಿಟ್ಟೆ. 2024ರ ಫೆಬ್ರವರಿ ಅದು. ನಾಲ್ಕು ಚೀಲ ಅಡಿಕೆ ಹೇರಿಕೊಂಡು ಹರಿಹರಪುರದ ಕಡೆಯಿಂದ ಕೊಪ್ಪಕ್ಕೆ ಹೊರಟಿದ್ದೆ. ತಿರುವಿನಲ್ಲಿ ಪೊಲೀಸರು ಕೈ ತೋರಿಸಿದ್ದರು. ಆರ್.ಸಿ. ಕೊಟ್ಟೆ, ಇನ್ಶೂರೆನ್ಸ್ ಕೊಟ್ಟೆ. ಹೊಗೆ ಸರ್ಟಿಫಿಕೇಟು ಕೇಳಿದರು. ಅದರ ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು.

“ಹೊಗೆಯದ್ದಕ್ಕೆ ಈಗ ದಂಡ ಕಟ್ಟಿ. ಒಂದು ವರ್ಷದ ಮೇಲೆ ಇಲ್ಲೇ ಇಟ್ಟುಕೊಂಡರೆ ನಂಬರು ಬದಲಿಸಬೇಕು, ಗೊತ್ತುಂಟಲ್ಲ? ಬೇಗ ಮಾಡಿಸಿಕೊಳ್ಳಿ.”

ರಸೀದಿ ಕಿಸೆಗೆ ಹಾಕಿಕೊಂಡು ಹೊರಟೆ. ದಂಡಕ್ಕಿಂತ ಹೆಚ್ಚು ಚುಚ್ಚಿದ್ದು, ಅವರು ಹೇಳಿದ್ದು ನನಗೆ ಮೊದಲೇ ಗೊತ್ತಿತ್ತು ಎಂಬುದು.

ನನ್ನ ಜೀಪು ಮಹೀಂದ್ರ ಕಮಾಂಡರ್. 1999ರ ಆಗಸ್ಟಿನಲ್ಲಿ ಕಾಸರಗೋಡಿನಲ್ಲಿ ನೋಂದಣಿಯಾದದ್ದು, ಕೆ.ಎಲ್. 14. ನಾನು ಅದನ್ನು ಕೊಂಡದ್ದು 2006ರಲ್ಲಿ, ಸೊಸೈಟಿಯ ಸಾಲದಲ್ಲಿ. ಆಗ ನಮ್ಮ ಬೇಸಾಯ ಬದಿಯಡ್ಕದ ಹತ್ತಿರ. 2021ರ ಕೊನೆಗೆ ಹೆಂಡತಿಯ ತವರಿನ ತೋಟ ನೋಡಿಕೊಳ್ಳಲು ಜನವಿಲ್ಲದಾಯಿತು. ಅತ್ತೆ ಒಬ್ಬರೇ. ಹಳದಿ ಎಲೆ ರೋಗ ಬಂದು ಅರ್ಧ ತೋಟ ಬೋಳಾಗಿತ್ತು. ಊರಿನ ಪಾಲನ್ನು ಅಣ್ಣನಿಗೆ ಒಪ್ಪಿಸಿ ನಾವು ಇಲ್ಲಿಗೆ ಬಂದೆವು. ಕಾರ್ಕಳ, ಮಾಳ, ಕೆರೆಕಟ್ಟೆ ದಾರಿಯಾಗಿ ಜೀಪಿನಲ್ಲೇ ಪಾತ್ರೆ ಪಗಡಿ ಸಾಗಿಸಿದ್ದು. ಘಾಟಿಯ ಮೇಲೆ ಸಿಗುವ ಜಾಗಕ್ಕೆ ಈಗಲೂ ಎಸ್.ಕೆ. ಬಾರ್ಡರ್ ಎಂದೇ ಹೆಸರು. ಎಸ್.ಕೆ. ಅಂದರೆ ಸೌತ್ ಕೆನರಾ. 1956ರ ನವೆಂಬರ್ 1ರವರೆಗೆ ನಮ್ಮ ಕಾಸರಗೋಡೂ ಆ ಜಿಲ್ಲೆಯದ್ದೇ. ನಮ್ಮಜ್ಜ ಎತ್ತಿನ ಗಾಡಿಯಲ್ಲಿ ಬಂದಿದ್ದರೆ ಯಾರೂ ನಂಬರು ಕೇಳುತ್ತಿರಲಿಲ್ಲ. ಇರಲಿ.

ಈ ತೋಟಕ್ಕೆ ಜೀಪು ಬಿಟ್ಟರೆ ಬೇರೆ ಗತಿಯಿಲ್ಲ. ಜುಲೈಯಲ್ಲಿ ನಮ್ಮ ಏರು ಹತ್ತಬೇಕಾದರೆ ಫೋರ್‌ವೀಲ್ ಹಾಕಲೇಬೇಕು. ಗೊಬ್ಬರ, ಕಾಳುಮೆಣಸಿನ ಬಳ್ಳಿ, ಬೋರ್ಡೋ ಸಿಂಪರಣೆಯ ಡ್ರಮ್ಮು ಎಲ್ಲ ಇದರಲ್ಲೇ. ಬಂದ ಮೊದಲ ಮಳೆಗಾಲದಲ್ಲೇ ಒಂದು ರಾತ್ರಿ ಅತ್ತೆಯನ್ನು ಕೊಪ್ಪದ ಆಸ್ಪತ್ರೆಗೆ ಮುಟ್ಟಿಸಿದ್ದೂ ಇದೇ ಜೀಪು. ಅಂಥ ಗಾಡಿಯ ಕಾಗದವನ್ನು ನಾನು “ನೋಡುವಾ, ಮಳೆ ಕಳೆಯಲಿ” ಎಂದು ಎರಡು ವರ್ಷ ತಳ್ಳಿದ್ದೆ.

ಕಾಯಿದೆ ಹೇಳುವುದು

ಕಾಯಿದೆ ಸುಲಭವಾಗಿಯೇ ಇದೆ. 1988ರ ಮೋಟಾರು ವಾಹನ ಕಾಯಿದೆಯ 47ನೇ ಕಲಮಿನ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇದ್ದರೆ ಅಲ್ಲಿನ ಹೊಸ ನಂಬರು ಪಡೆಯಬೇಕು. 12 ತಿಂಗಳು ಮುಗಿದ 30 ದಿನದೊಳಗೆ ಅರ್ಜಿ ಕೊಡಬೇಕು. ತಡವಾದರೆ ದಂಡ.

ನಮ್ಮಲ್ಲಿ ಕೆಲವರು “ವರ್ಷ ಅಲ್ಲ ಮಾರಾಯ್ರೇ, ಒಂದೇ ತಿಂಗಳು” ಎನ್ನುವುದುಂಟು. ಅದಕ್ಕೂ ಒಂದು ಮೂಲವಿದೆ. 2014ರಲ್ಲಿ ಕರ್ನಾಟಕ ಸರಕಾರ ತನ್ನ ತೆರಿಗೆ ಕಾಯಿದೆಯನ್ನು ತಿದ್ದಿ, ಹೊರರಾಜ್ಯದ ಗಾಡಿ 30 ದಿನ ಮೀರಿ ಇದ್ದರೆ ಆಜೀವ ತೆರಿಗೆ ಕಟ್ಟಬೇಕು ಎಂದಿತು. 2016ರಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನು ತಳ್ಳಿಹಾಕಿತು. ನನ್ನ ಮಟ್ಟಿಗೆ ಎರಡರಲ್ಲಿ ಯಾವುದಾದರೇನು, ಎರಡೂ ದಾಟಿಯಾಗಿತ್ತು.

ಖಾಸಗಿ ಗಾಡಿಯ ನೋಂದಣಿಗೆ 15 ವರ್ಷ ಆಯುಷ್ಯ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನನ್ನ ಜೀಪಿನದ್ದು 2014ರಲ್ಲಿ ಒಮ್ಮೆ, 2019ರಲ್ಲಿ ಒಮ್ಮೆ ಆಗಿತ್ತು. ಮುಂದಿನದ್ದು 2024ರ ಆಗಸ್ಟಿಗೆ. ಅಂದರೆ ಪೊಲೀಸರು ಹಿಡಿದಾಗ ನನ್ನ ಕೈಯಲ್ಲಿ ಉಳಿದದ್ದು ಆರೇ ತಿಂಗಳು.

ಅವಧಿ ಮುಗಿದರೆ ಏನಾಗುತ್ತದೆ? ಗಾಡಿ ಮೊದಲಿನಂತೆಯೇ ಓಡುತ್ತದೆ. ಆದರೆ 2014ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣ ಕೇಳಿ. ಅದೂ ಮಹೀಂದ್ರ ಗಾಡಿಯೇ, ಪಿಕಪ್ ವ್ಯಾನು. ತಾತ್ಕಾಲಿಕ ನೋಂದಣಿ ಮುಗಿದು ಕೆಲವೇ ವಾರದಲ್ಲಿ ಅಪಘಾತವಾಯಿತು. ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತು. ಆದರೂ ನೋಂದಣಿ ಇಲ್ಲದ ಗಾಡಿಯನ್ನು ರಸ್ತೆಗಿಳಿಸಿದ್ದೇ ತಪ್ಪು ಎಂದು ಗಾಡಿಯ ನಷ್ಟ ಸಿಗಲಿಲ್ಲ. ಭಾವ ಇದನ್ನು ಹೇಳಿದ ದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇನ್ಶೂರೆನ್ಸ್ ಒಂದಿದ್ದರೆ ಸಾಕು ಎಂದೇ ಅಷ್ಟು ವರ್ಷ ತಿಳಿದಿದ್ದವ ನಾನು.

ಒಂದು ಹಳೆ ಸಾಲ

ಮೊದಲ ಕೆಲಸ ಎನ್.ಓ.ಸಿ. ಮೊದಲು ನೋಂದಣಿಯಾದ ಊರಿನ ಸಾರಿಗೆ ಕಚೇರಿ “ಈ ಗಾಡಿ ಹೋಗಲು ನಮ್ಮ ಆಕ್ಷೇಪ ಇಲ್ಲ” ಎಂದು ಕೊಡುವ ಕಾಗದ. ಅರ್ಜಿ ಫಾರಂ 28. ಈಗ ಪರಿವಾಹನ್ ಜಾಲತಾಣದಲ್ಲಿ ತುಂಬಿಸಬಹುದು. ನಮ್ಮ ಹುಡುಗ ತುಂಬಿಸಿಕೊಟ್ಟ. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು. ಇಪ್ಪತ್ತೈದು ವರ್ಷದ ಕೆಸರು, ತುಕ್ಕು ಕೆರೆದು ಆ ನಂಬರು ಕಾಣಿಸಲಿಕ್ಕೇ ನನಗೆ ಒಂದು ಬೆಳಗು ಹಿಡಿಯಿತು. ಸ್ಯಾಂಡ್‌ಪೇಪರ್ ಮೆಲ್ಲಗೆ ಆಡಿಸಿ. ಜೋರಾಗಿ ತಿಕ್ಕಿ ಅಂಕೆ ಅಳಿಸಿಕೊಂಡರೆ ಮುಗಿಯಿತು, ಅದು ಕದ್ದ ಗಾಡಿಯ ಲಕ್ಷಣ ಎಂದೇ ಲೆಕ್ಕ.

ತೆರಿಗೆ ಬಾಕಿ ಇರಬಾರದು, ಪೊಲೀಸ್ ಕೇಸು ಇರಬಾರದು, ಹಳೆ ದಂಡ ಇರಬಾರದು, ಗಾಡಿಯ ಮೇಲೆ ಸಾಲ ಇರಬಾರದು. ಕೇರಳದಲ್ಲಿ 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷದ ತೆರಿಗೆ. ಅದು ಕಟ್ಟಿತ್ತು. ನಾನು ಬಿದ್ದದ್ದು ಕೊನೆಯದರಲ್ಲಿ. ಸೊಸೈಟಿಯ ಸಾಲ 2010ರಲ್ಲೇ ತೀರಿಸಿದ್ದೆ. ಆದರೆ ಆರ್.ಸಿ.ಯಲ್ಲಿ ಅವರ ಹೆಸರು ಹಾಗೇ ಉಳಿದಿತ್ತು. ಸಾಲ ತೀರಿದ ದಿನ ಫಾರಂ 35ಕ್ಕೆ ಅವರ ಸಹಿ ಹಾಕಿಸಿ ಸಾರಿಗೆ ಕಚೇರಿಗೆ ಕೊಡಬೇಕಿತ್ತು. ನಾನು ಬಾಂಡು ವಾಪಸು ಪಡೆದು ಕಾಫಿ ಕುಡಿದು ಬಂದಿದ್ದೆ. ಹದಿನಾಲ್ಕು ವರ್ಷದ ಮೇಲೆ ಹೋಗಿ ಕೇಳಿದರೆ ಕಾರ್ಯದರ್ಶಿ ಬದಲಾಗಿ, ಲೆಡ್ಜರು ಅಟ್ಟಕ್ಕೆ ಏರಿ, ನನ್ನ ಹೆಸರು ಹುಡುಕಲಿಕ್ಕೇ ಮೂರು ಸಲ ಘಾಟಿ ಇಳಿದು ಹತ್ತಿದೆ. ಓದುಗರಲ್ಲಿ ಯಾರಿಗಾದರೂ ಟಿಲ್ಲರಿನದ್ದೋ ಬೈಕಿನದ್ದೋ ಸಾಲ ತೀರಿದ್ದರೆ, ಈಗಲೇ ಎದ್ದು ಆರ್.ಸಿ. ತೆಗೆದು ನೋಡಿ.

ಇದಿಷ್ಟು ಆದ ಮೇಲೆ ಎನ್.ಓ.ಸಿ. ಮೇ ತಿಂಗಳಲ್ಲಿ ಬಂತು. ಅರ್ಜಿ ಬಂದ 30 ದಿನದೊಳಗೆ ಕೊಡಬೇಕು, ಇಲ್ಲವಾದರೆ ಕಾರಣ ಬರೆದು ತಿಳಿಸಬೇಕು ಎಂದು 48ನೇ ಕಲಮಿನಲ್ಲಿದೆ. ಕೊಡದೇ ಎಳೆದಾಡಿದರೆ ಈ ಕಲಮು ನೆನಪಿರಲಿ. ನನಗೆ ಅದರ ಅಗತ್ಯ ಬೀಳಲಿಲ್ಲ.

ಎಂಬತ್ತೊಂದು

ಇನ್ನು ಹೊಗೆ. ಎನ್.ಓ.ಸಿ. ಇದ್ದರೂ ಹೊಗೆ ಸರ್ಟಿಫಿಕೇಟು ಇಲ್ಲದೆ ಗಾಡಿಯನ್ನು ತಪಾಸಣೆಗೆ ಒಯ್ದು ಪ್ರಯೋಜನವಿಲ್ಲ. ದೇಶದ ಯಾವ ಅಧಿಕೃತ ಕೇಂದ್ರದಲ್ಲಿ ಮಾಡಿಸಿದ್ದಾದರೂ ಎಲ್ಲ ಕಡೆ ನಡೆಯುತ್ತದೆ. ನಮ್ಮಂಥ ಹಳೆ ಗಾಡಿಗೆ ಆರು ತಿಂಗಳು, ಬಿ.ಎಸ್. 4 ಮತ್ತು ಅದರ ನಂತರದ ಗಾಡಿಗೆ ಒಂದು ವರ್ಷ ಅವಧಿ.

ಊರಿನಲ್ಲಿದ್ದಾಗ ನಾನೂ ಗಾಡಿ ಒಯ್ಯದೆ ಚೀಟಿ ತರಿಸಿಕೊಂಡವನೇ, ಮುಚ್ಚಿಡುವುದೇನು? ಈಗ ಗಾಡಿಯ ಫೋಟೋ ಸಮೇತ ಕಂಪ್ಯೂಟರಿಗೆ ಹೋಗುತ್ತದೆ. ಕೊಪ್ಪದಲ್ಲಿ ತಪಾಸಣೆಗೆ ನಿಲ್ಲಿಸಿದೆ. ಸೈಲೆನ್ಸರಿಗೆ ನಳಿಗೆ ತೂರಿಸಿ, ಎಂಜಿನ್ ಬಿಸಿಯಾಗಿದೆಯೇ ನೋಡಿ, ನ್ಯೂಟ್ರಲಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಬಿಡಲು ಹೇಳಿದರು. ಹಾಗೆ ನಾಲ್ಕೈದು ಸಲ. ಪರದೆಯ ಮೇಲೆ 81 ಬಂತು.

“ಪಾಸಾಗುದಿಲ್ಲ ಅಣ್ಣ. 65ರ ಒಳಗೆ ಬರಬೇಕು.”

ಎಂಬತ್ತೊಂದು ಏನು? ಡೀಸೆಲ್ ಹೊಗೆಯನ್ನು ಅಳೆಯುವುದು ಬೆಳಕಿನಿಂದ. 430 ಮಿಲಿಮೀಟರ್ ಉದ್ದದ ಕೊಳವೆಯಲ್ಲಿ ಹೊಗೆ ತುಂಬಿ, ಒಂದು ತುದಿಯಿಂದ ಬೆಳಕು ಬಿಟ್ಟರೆ ಇನ್ನೊಂದು ತುದಿಗೆ ಎಷ್ಟು ಮುಟ್ಟಿತು ಎಂಬ ಲೆಕ್ಕ. ನೂರು ಪಾಲಿನಲ್ಲಿ 65 ಪಾಲನ್ನು ಹೊಗೆ ನುಂಗಿದರೆ 65 ಹಾರ್ಟ್ರಿಜ್. ಬಿ.ಎಸ್. 4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಅದೇ ಮಿತಿ. ಬಿ.ಎಸ್. 4ರದ್ದಕ್ಕೆ 50. ನನ್ನ ಜೀಪು ನೂರರಲ್ಲಿ 81 ಪಾಲು ಬೆಳಕನ್ನು ನುಂಗುತ್ತಿತ್ತು. ನಮ್ಮ ಹಳೆಯ ಅಡುಗೆಮನೆಯೂ ಅಷ್ಟು ನುಂಗುತ್ತಿರಲಿಲ್ಲವೇನೋ.

“ನಾಳೆ ಬನ್ನಿ, ಏನಾದ್ರೂ ಮಾಡುವಾ” ಎಂದು ಅಲ್ಲೇ ನಿಂತಿದ್ದ ಒಬ್ಬರು ಕಣ್ಣು ಹೊಡೆದರು. ನಾನು ಸೀದಾ ಶೃಂಗೇರಿ ರಸ್ತೆಯ ಗ್ಯಾರೇಜಿಗೆ ಹೋದೆ. ಅಲ್ಲಿನ ಮೇಸ್ತ್ರಿ ನಲವತ್ತು ವರ್ಷ ಜೀಪಿನ ಅಡಿಯಲ್ಲೇ ಮಲಗಿದವರು. ಬಾನೆಟ್ ಎತ್ತುವ ಮೊದಲೇ ಹೊಗೆಯ ಬಣ್ಣ ನೋಡಿದರು.

“ಕಪ್ಪು ಹೊಗೆ ಅಂದ್ರೆ ಉರಿಯದ ಡೀಸೆಲ್. ನೀಲಿ ಬಂದ್ರೆ ಆಯಿಲ್ ಸುಡ್ತಾ ಉಂಟು, ಆಗ ಖರ್ಚು ದೊಡ್ಡದು. ನಿಮ್ಮದು ಕಪ್ಪು. ಹೆದರ್ಬೇಡಿ ಮಾರಾಯ್ರೆ.”

ಮೊದಲು ಏರ್ ಕ್ಲೀನರ್ ಬಿಚ್ಚಿದರು. ನಮ್ಮ ಜೀಪಿನದ್ದು ಎಣ್ಣೆ ಬಟ್ಟಲಿನ ಹಳೆ ನಮೂನೆ. ಗಾಳಿ ಎಣ್ಣೆಯ ಮೇಲಿಂದ ಹಾದು ಹೋಗುವಾಗ ಧೂಳು ಅದರಲ್ಲಿ ಕೂರಬೇಕು. ನನ್ನದರಲ್ಲಿ ಎಣ್ಣೆಯೇ ಇರಲಿಲ್ಲ, ಗಟ್ಟಿ ಕೆಸರು ಇತ್ತು. ಅಡಿಕೆ ಸುಲಿಯುವ ಅಂಗಳದಲ್ಲೇ ಜೀಪು ನಿಲ್ಲಿಸುವುದಲ್ಲವೇ, ಸಿಪ್ಪೆಯ ನಾರು ಜಾಲರಿಯಲ್ಲಿ ಗೂಡು ಕಟ್ಟಿತ್ತು. ಗಾಳಿ ಇಲ್ಲದೆ ಡೀಸೆಲ್ ಉರಿಯುವುದು ಹೇಗೆ? ಸೀಮೆಎಣ್ಣೆಯಲ್ಲಿ ತೊಳೆದು ಗುರುತಿನವರೆಗೆ ಹೊಸ ಎಣ್ಣೆ ಹಾಕಿದರು. ಡೀಸೆಲ್ ಫಿಲ್ಟರ್ ಬದಲಾಯಿತು. ಟ್ಯಾಪೆಟ್ ಸರಿಮಾಡಿದರು. ನಾಲ್ಕು ನೋಜಲುಗಳನ್ನು ಬಿಚ್ಚಿ ಶಿವಮೊಗ್ಗದ ಪಂಪ್ ಅಂಗಡಿಗೆ ಕಳಿಸಿದೆವು. ಒಂದು ನೋಜಲು ಮಂಜಿನಂತೆ ಸಿಡಿಯುವ ಬದಲು ತೊಟ್ಟಿಕ್ಕುತ್ತಿತ್ತಂತೆ. ಅದನ್ನು ಬದಲಿಸಿ ಉಳಿದವಕ್ಕೆ ಪ್ರೆಶರ್ ಸರಿಮಾಡಿ ಕೊಟ್ಟರು.

ಎಲ್ಲ ಸೇರಿ ಆರು ಸಾವಿರದ ನಾನೂರು ರೂಪಾಯಿ. ಮತ್ತೆ ನಳಿಗೆ ತೂರಿಸಿದಾಗ ಪರದೆಯಲ್ಲಿ 44. ಮೊದಲು ಲೀಟರಿಗೆ ಒಂಬತ್ತು ಕಿಲೋಮೀಟರ್ ಕೊಡುತ್ತಿದ್ದದ್ದು ಈಗ ಹನ್ನೊಂದರ ಹತ್ತಿರ. ತಿಂಗಳಿಗೆ ನಲವತ್ತು ಲೀಟರ್ ಸುಡುವ ನನಗೆ ಆ ಆರು ಸಾವಿರ ಒಂದು ವರ್ಷದೊಳಗೆ ವಾಪಸು ಬಂತು. ಚೀಟಿಯನ್ನಷ್ಟೇ ಕೊಂಡಿದ್ದರೆ ಆ ಡೀಸೆಲ್ ಇನ್ನೂ ಹೊಗೆಯಾಗಿ ನಮ್ಮ ತೋಟದ ಮೇಲೇ ಹಾರುತ್ತಿತ್ತು.

ಮಲೆಯಾಳ ಓದಿಸಲು ಎನ್.ಆರ್. ಪುರಕ್ಕೆ

ಜೂನ್ ಕೊನೆಗೆ ಕಾಗದ ಎಲ್ಲ ಹಿಡಿದುಕೊಂಡು ಸಾರಿಗೆ ಕಚೇರಿಗೆ ಹೋದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರು ತಾಲೂಕಿನಲ್ಲಿ ಒಂದರಲ್ಲೂ ಆ ಕಚೇರಿ ಇಲ್ಲ. ಹೋಗಿ ಬರುವುದಕ್ಕೆ ಒಂದು ದಿನ ಬೇಕೇ ಬೇಕು. ಹೊಸ ನಂಬರಿಗೆ ಫಾರಂ 27, ವಿಳಾಸ ಬದಲಿಗೆ ಫಾರಂ 33, ನವೀಕರಣಕ್ಕೆ ಫಾರಂ 25. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ 60 ದಿನದೊಳಗೆ ಮಾತ್ರ ಕೊಡಬಹುದು. ನನ್ನದು ಸರಿಯಾಗಿ ಆ ಹೊತ್ತಿಗೇ ಬಂದದ್ದರಿಂದ ಎರಡೂ ಒಟ್ಟಿಗೆ ಹೋಯಿತು.

ಗುಮಾಸ್ತರು ಒಂದು ಕಾಗದ ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. “ಇದೇನಿದು?” ತೆರಿಗೆ ಕಟ್ಟಿದ್ದಕ್ಕೆ ಕೈಬರಹದ ಒಂದು ದೃಢೀಕರಣ, ಮಲೆಯಾಳದಲ್ಲಿ. ನನಗೆ ಮಲೆಯಾಳ ಮಾತಾಡಲು ಬರುತ್ತದೆ, ಓದಲು ಬಾರದು. ಕನ್ನಡ ಶಾಲೆಯಲ್ಲಿ ಕಲಿತ ನನ್ನ ಪ್ರಾಯದ ಕಾಸರಗೋಡಿನವರಲ್ಲಿ ಸುಮಾರು ಜನರ ಪಾಡು ಇದೇ. ಅಲ್ಲಿ ಕಚೇರಿಯ ಕಾಗದ ಓದಲಿಕ್ಕಾಗದೆ ಪರದಾಡಿದವನು ಇಲ್ಲಿಗೆ ಬಂದೂ ಅದೇ ಕಾಗದದಲ್ಲಿ ಸಿಕ್ಕಿಬಿದ್ದೆ.

ಎನ್.ಆರ್. ಪುರದ ಕಡೆ ಕೇರಳದಿಂದ ಬಂದು ನೆಲೆಸಿದ ರೈತರು ಬೇಕಾದಷ್ಟಿದ್ದಾರೆ. ರಬ್ಬರು ಮಾಡಿಕೊಂಡಿರುವ ಒಬ್ಬ ಹಿರಿಯರ ಪರಿಚಯವಿತ್ತು. ಮರುದಿನ ಅವರಲ್ಲಿಗೆ ಹೋದೆ. “ಚೇಟಾ, ಇದೊಂದು ಓದಿ ಹೇಳಬೇಕಲ್ಲ.” ಅವರು ಕನ್ನಡಕ ಹಾಕಿ ಓದಿ, ಮಗಳ ಕೈಯಿಂದ ಕನ್ನಡದಲ್ಲಿ ಬರೆಸಿಕೊಟ್ಟರು. ಅದಕ್ಕೆ ನೋಟರಿ ಮಾಡಿಸಿ ಕೊಟ್ಟಾಗ ಕಚೇರಿಯವರು ಒಪ್ಪಿದರು.

ಚಹಾ ಕುಡಿಯುವಾಗ ಚೇಟ ತಮ್ಮ ಕೊಟ್ಟಿಗೆಯಲ್ಲಿದ್ದ ಬಿಳಿ ಡೀಸೆಲ್ ಗಾಡಿ ತೋರಿಸಿದರು. ದೆಹಲಿಯದ್ದು. 2015ರಲ್ಲಿ ಹಸಿರು ನ್ಯಾಯಮಂಡಳಿ ದೆಹಲಿ ಸುತ್ತಮುತ್ತ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ ಓಡಿಸಬಾರದು ಎಂದಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿ ಬೆಲೆ ಬಿದ್ದ ಗಾಡಿಗಳು ಲಾರಿ ಏರಿ ನಮ್ಮಂಥ ಕಡೆಗೆಲ್ಲ ಬಂದವು. ಚೇಟನಿಗೆ ದಳ್ಳಾಳಿ ಎನ್.ಓ.ಸಿ. ಕೊಟ್ಟಿದ್ದ, ಸುಳ್ಳಲ್ಲ. ಆದರೆ ಎನ್.ಓ.ಸಿ. ಎಂದರೆ ಇಂಥ ಸಾರಿಗೆ ಕಚೇರಿಗೆ ಎಂದು ಹೆಸರು ಬರೆದ ಕಾಗದ. ಇವರದ್ದರಲ್ಲಿ ಇದ್ದದ್ದು ಬೇರೆಲ್ಲೋ ದೂರದ ಊರು. ತಿದ್ದಿಸಲು ಮತ್ತೆ ದೆಹಲಿಯೇ ಆಗಬೇಕು. ಗಾಡಿ ಕೊಟ್ಟಿಗೆಯಲ್ಲಿ, ಅದರ ಮೇಲೆ ಕೋಳಿ.

ಹೊರರಾಜ್ಯದ ಹಳೆ ಗಾಡಿ ಅಗ್ಗಕ್ಕೆ ಸಿಗುತ್ತದೆ ಎಂದು ಮುಂಗಡ ಕೊಡುವ ಮೊದಲು ಎನ್.ಓ.ಸಿ.ಯಲ್ಲಿ ಯಾವ ಊರಿದೆ ನೋಡಿ. ಹಾಗೇ ಎಂಜಿನ್ ನಂಬರು. ನಮ್ಮ ಕಡೆ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದ್ದು ಎಷ್ಟೋ ಇವೆ. ಆ ಬದಲಾವಣೆ ಆರ್.ಸಿ.ಯಲ್ಲಿ ದಾಖಲಾಗದಿದ್ದರೆ ತಪಾಸಣೆಯ ದಿನ ಅಲ್ಲೇ ವಾಪಸು.

ಮಳೆಯಲ್ಲಿ ತಪಾಸಣೆ

ಜುಲೈ ಎರಡನೇ ವಾರ ಗಾಡಿ ತೋರಿಸಲು ಕರೆದರು. ಜಯಪುರ, ಬಾಳೆಹೊನ್ನೂರು ದಾಟುವಷ್ಟರಲ್ಲಿ ಮಳೆ ಹೇಗೆ ಬಡಿಯಿತೆಂದರೆ ಎಡಗಡೆಯ ವೈಪರು ಕೈಬಿಟ್ಟಿತು. ಬ್ರೇಕ್ ಇನ್‌ಸ್ಪೆಕ್ಟ್ರು ಮೊದಲು ಕೇಳಿದ್ದೇ ವೈಪರು! ಪಕ್ಕದ ಅಂಗಡಿಯಲ್ಲಿ ಮೋಟಾರು ಹಾಕಿಸಿ ಮಧ್ಯಾಹ್ನ ಮತ್ತೆ ಸಾಲಿನಲ್ಲಿ ನಿಂತೆ. ಹಾರ್ನು, ಲೈಟು, ಇಂಡಿಕೇಟರು, ಹ್ಯಾಂಡ್‌ಬ್ರೇಕು, ಟಯರು, ಹಿಂದಿನ ಕೆಂಪು ರಿಫ್ಲೆಕ್ಟರು, ಚಾಸಿಸ್ ನಂಬರು. ಹದಿನೈದು ನಿಮಿಷದ ಕೆಲಸ. ನನ್ನ ಹಿಂದಿದ್ದ ಜೀಪಿಗೆ ಹ್ಯಾಂಡ್‌ಬ್ರೇಕೇ ಇರಲಿಲ್ಲ. ಕಲ್ಲು ಇಟ್ಟು ನಿಲ್ಲಿಸುವ ಅಭ್ಯಾಸ. ಅವರು ಕಲ್ಲನ್ನೂ ಜೊತೆಗೆ ತಂದಿದ್ದರು.

ಹಣದ ಲೆಕ್ಕ. 15 ವರ್ಷ ಮೀರಿದ ಕಾರು, ಜೀಪಿನ ನವೀಕರಣ ಶುಲ್ಕ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ 5,000 ಆಯಿತು. ಬೈಕಿನದ್ದು 300 ಇದ್ದದ್ದು 1,000. ತಡವಾದರೆ ತಿಂಗಳಿಗೆ ಬೈಕಿಗೆ 300, ಜೀಪಿಗೆ 500 ಹೆಚ್ಚುವರಿ. ಮನೆಯ ಮೂಲೆಯಲ್ಲಿ ಹಳೆ ಬೈಕು ಇಟ್ಟವರು ಇದನ್ನು ಲೆಕ್ಕ ಹಾಕಿ. ಇದರ ಮೇಲೆ ಕರ್ನಾಟಕದ ಆಜೀವ ತೆರಿಗೆ. ಗಾಡಿಗೆ ವಯಸ್ಸಾದಂತೆ ಅದು ಇಳಿಯುತ್ತದೆ. 15 ದಾಟಿದ್ದಕ್ಕೆ ಕೊನೆಯ ಮೆಟ್ಟಿಲಿನ ದರ. ಹಳೆ ಗಾಡಿಯ ಹಸಿರು ತೆರಿಗೆ ಬೇರೆ. ಏಜೆಂಟರೊಬ್ಬರು ಎಲ್ಲ ಸೇರಿಸಿ ಹೇಳಿದ್ದ ಮೊತ್ತದ ಮೂರರಲ್ಲಿ ಎರಡು ಪಾಲಿಗೆ ನನ್ನ ಕೆಲಸ ಮುಗಿಯಿತು. ಆದರೆ ಓಡಾಟದ ಒಂಬತ್ತು ದಿನ ನನ್ನದು. ಕೊಯ್ಲಿನ ಸಮಯವಾಗಿದ್ದರೆ ಏಜೆಂಟರಿಗೇ ಕೊಡುತ್ತಿದ್ದೆನೋ ಏನೋ.

ಆಗಸ್ಟಿನಲ್ಲಿ ಹೊಸ ಆರ್.ಸಿ. ಬಂತು. ಕೆ.ಎಲ್. ಹೋಗಿ ಕೆ.ಎ. ಆಯಿತು. ಅತಿ ಸುರಕ್ಷಿತ ನಂಬರ್ ಪ್ಲೇಟು ಹಾಕಿಸಿದೆ. ಇನ್ಶೂರೆನ್ಸ್ ಪಾಲಿಸಿಯಲ್ಲೂ ನಂಬರು ಬದಲಿಸಬೇಕು. ಅದನ್ನು ಯಾರೂ ಹೇಳುವುದಿಲ್ಲ. ಹಳೆ ನಂಬರಿನ ಪಾಲಿಸಿ, ಹೊಸ ನಂಬರಿನ ಗಾಡಿ ಇಟ್ಟುಕೊಂಡು ಒಂದು ದಿನವೂ ರಸ್ತೆಗಿಳಿಯಬೇಡಿ.

2025ರ ಆಗಸ್ಟಿನಲ್ಲಿ 20 ವರ್ಷ ಮೀರಿದ ಜೀಪು, ಕಾರುಗಳ ನವೀಕರಣ ಶುಲ್ಕವನ್ನು 10,000ಕ್ಕೆ, ಬೈಕಿನದ್ದನ್ನು 2,000ಕ್ಕೆ ಏರಿಸಿದರು. ನನ್ನ ಮುಂದಿನ ನವೀಕರಣ 2029ಕ್ಕೆ. ಜೀಪಿಗೆ ಆಗ ಮೂವತ್ತು ತುಂಬುತ್ತದೆ. “ಆಗ ಗುಜರಿಗೆ ಹಾಕು” ಎನ್ನುತ್ತಾರೆ ಭಾವ. “ಹಾಕಿದ ಮೇಲೆ ಗೊಬ್ಬರ ಹೊರುವುದು ಯಾರು ಭಾವ?” ಎಂದರೆ ಉತ್ತರವಿಲ್ಲ.

ಕಳೆದ ವಾರ ಮತ್ತೆ ಹೊಗೆ ನೋಡಿಸಿದೆ. 51. ಏರ್ ಕ್ಲೀನರಿನ ಎಣ್ಣೆ ಬದಲಿಸುವ ಸಮಯ ಆಗಿದೆ.